ಗಡ್ಡೆಯಲ್ಲಿ ಇದೆ, ರಕ್ತದಲ್ಲಿ ಇಲ್ಲ

ನನ್ನ ಮಗಳ ರಕ್ತದಲ್ಲಿ ಅದು ಇಲ್ಲ! ಇವತ್ತು ಮುಂಜಾನೆ ವರದಿ ಬಂತು. ಗಡ್ಡೆಯಲ್ಲಿ ಇದೆ, ರಕ್ತದಲ್ಲಿ ಇಲ್ಲ. ಮಗಳ ಗಂಡನ ಊರು ಮೋರಟಗಿಯ ಈ ಓಣಿಯಲ್ಲಿ ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ, ಬಾಯಿಗೆ ಸಕ್ಕರೆ ಹಾಕಿ ಹೇಳಿದ್ದೇನೆ. ಅವರಿಗೆ ಏನು ತಿಳಿಯಿತೋ ಬಿಟ್ಟಿತೋ, "ಭಾಳ ಛಲೋ ಆತ್ರಿ" ಎಂದು ಸಕ್ಕರೆ ಚಪ್ಪರಿಸುತ್ತ ಹೋದರು. ಅವರಿಗೆ ತಿಳಿಯದಿದ್ದರೂ ಚಿಂತೆಯಿಲ್ಲ, ನನಗೆ ತಿಳಿದಿದೆ.

ನಿಮಗೆ ಬಿಡಿಸಿ ಹೇಳುತ್ತೇನೆ. ನನ್ನ ಮಗಳು ಸುವರ್ಣಾಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್ ಮಾಡಿ ತೆಗೆದ ಗಡ್ಡೆಯಲ್ಲಿ ಬ್ರಾಕಾ ಎನ್ನುವ ಒಂದು ಗುರುತು ಸಿಕ್ಕಿತು. ಗಡ್ಡೆಯಲ್ಲಿ ಸಿಕ್ಕರೆ ಹೊಸ ಗುಳಿಗೆ ಕೆಲಸ ಮಾಡುತ್ತದೆ ಎಂಬ ಆಸೆ ಹೆಚ್ಚು. ಆದರೆ ಅದೇ ಗುರುತು ರಕ್ತದಲ್ಲೂ ಸಿಕ್ಕಿದ್ದರೆ ಅದು ಹಿರಿಯರಿಂದ ಅವಳಿಗೆ ಬಂದದ್ದು, ಅವಳಿಂದ ನನ್ನ ಇಬ್ಬರು ಮೊಮ್ಮಕ್ಕಳಿಗೂ ಹೋಗಿರಬಹುದಾದದ್ದು ಎಂದಾಗುತ್ತಿತ್ತು. ಹೆಣ್ಣುಮಕ್ಕಳು ಇಬ್ಬರೂ. ಇಪ್ಪತ್ತನಾಲ್ಕು ದಿನ ಆ ಒಂದು ಮಾತಿಗಾಗಿ ಕಾದೆವು. ಆ ದಿನಗಳಲ್ಲಿ ನಾನು ಉಂಡದ್ದು ಉಣ್ಣದ್ದು ಒಂದೂ ನೆನಪಿಲ್ಲ.

ನಾನು ಕಾಶೀಬಾಯಿ, ಊರು ಇಂಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಯಜಮಾನರು ಜಿಲ್ಲಾ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಾವಲುಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ನೌಕರಿ ನನಗೆ ಬಂತು. ಮೈಯಿಂದ ಕೊಯ್ದು ತೆಗೆದ ತುಣುಕುಗಳನ್ನು ನೋಡುವ ಲ್ಯಾಬಿನಲ್ಲಿ ಆಯಾ. ಸೇರಿದ ದಿನ ಆಯಾ, ಬಿಟ್ಟ ದಿನವೂ ಆಯಾ. ಆ ವಿಷಯಕ್ಕೆ ಇಷ್ಟು ಸಾಕು. ಹಿರಿಯ ಮೊಮ್ಮಗಳು ಭಾಗ್ಯಾ ಈಗ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿನಲ್ಲಿ ಎರಡನೇ ವರ್ಷ ಓದುತ್ತಾಳೆ. "ಆಯಿ, ನೀ ಅಲ್ಲಿ ಏನೇನ ಕಂಡಿ ಅದನ್ನ ಬರಿ. ನಮ್ಮ ಪುಸ್ತಕದಾಗ ಅದ್ಯಾವುದೂ ಇಲ್ಲ" ಎಂದು ನೋಟುಬುಕ್ಕು ತಂದುಕೊಟ್ಟು ಒಂದು ವರ್ಷವಾಯಿತು. ಇವತ್ತು ಕೈಗೆ ಬಲ ಬಂದಿದೆ. ಹೊಸದಾಗಿ ಲ್ಯಾಬಿಗೆ ಕಾಲಿಡುವ ಹುಡುಗ ಹುಡುಗಿಯರೇ, ಇದು ನಿಮಗೆ.

ನಮ್ಮ ಕೆಲಸ ಇಷ್ಟೇ. ಆಪರೇಷನ್ ಕೋಣೆಯಿಂದ ಡಬ್ಬಿ ತರುವುದು, ಹೆಸರು ನಂಬರು ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು, ಆದ ಬ್ಲಾಕುಗಳನ್ನು ಕಪಾಟಿನಲ್ಲಿ ಜೋಡಿಸಿಡುವುದು. ಬ್ಲಾಕ್ ಅಂದರೆ ಮೇಣದ ಒಂದು ಬಿಲ್ಲೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ನಡುವೆ ರೋಗಿಯ ತುಣುಕು ಹುದುಗಿರುತ್ತದೆ. ಅದನ್ನು ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಹಚ್ಚಿ, ಬಣ್ಣ ಕೊಟ್ಟರೆ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೆರೆದು ಉಳಿದ ಬ್ಲಾಕು ವರ್ಷಗಟ್ಟಲೆ ಕಪಾಟಿನಲ್ಲಿರುತ್ತದೆ. ರೋಗಿ ತೀರಿಹೋದ ಮೇಲೂ ಇರುತ್ತದೆ.

ನನಗೆ ಕೆಲಸ ಕಲಿಸಿದವರು ಹಿರಿಯ ಟೆಕ್ನಿಶಿಯನ್ ರಾಚಪ್ಪನವರು. ಬಾಯಿ ಜೋರು. ಮೊದಲನೇ ದಿನವೇ ಡಬ್ಬಿ ಹಿಡಿದ ನನ್ನ ಕೈ ನಡುಗುವುದನ್ನು ನೋಡಿ ಅಂದರು: "ಕಾಶವ್ವಾ, ಚಹಾ ಚೆಲ್ಲಿದ್ರ ಇನ್ನೊಂದು ಕಪ್ ಮಾಡಬಹುದು. ಇದನ್ನ ಚೆಲ್ಲಿದಿ ಅಂದ್ರ ಆ ಹೆಣ್ಮಗಳ ಹೊಟ್ಟಿ ಮತ್ತ ಕೊಯ್ಯಾಕ ಆಗತೈತೇನು?" ಅದನ್ನು ಕೇಳಿ ನಡುಕ ಇನ್ನೂ ಹೆಚ್ಚಾಯಿತು. ನಿವೃತ್ತಿಯ ದಿನದವರೆಗೂ ಪೂರಾ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಒಂದು ಸಲ ಮುದ್ದೇಬಿಹಾಳ ಕಡೆಯಿಂದ ಒಬ್ಬ ಬಂದ. ತಂಗಿಗೆ ಅಲ್ಲೆಲ್ಲೋ ಒಂದು ಚಿಕ್ಕ ದವಾಖಾನೆಯಲ್ಲಿ ಗಡ್ಡೆ ತೆಗೆದಿದ್ದರು. ತುಣುಕನ್ನು ಇವನ ಕೈಯಲ್ಲಿ ಕೊಟ್ಟು ಬಸ್ಸಿಗೆ ಹತ್ತಿಸಿದ್ದರು. ಅವನು ಚೀಲದಿಂದ ತೆಗೆದದ್ದು ಉಪ್ಪಿನಕಾಯಿಯ ಗಾಜಿನ ಭರಣಿ. ರಾಚಪ್ಪನವರು ಮುಚ್ಚಳ ತೆಗೆದರು. ಕುತ್ತಿಗೆಯವರೆಗೆ ಉಪ್ಪು.

"ಇದೇನೋ ಮಾರಾಯಾ?"

"ಎಣ್ಣಿ ಹಾಕಿಲ್ರಿ, ಬರೇ ಉಪ್ಪರಿ."

"ದವಾಖಾನ್ಯಾಗ ನೀರಿನಂಥಾದ್ದು ಹಾಕಿ ಕೊಟ್ಟಿರಬೇಕಲ್ಲ?"

"ಕೊಟ್ಟಿದ್ರಿ. ಅದರ ವಾಸನಿಗೆ ಬಸ್ಸಿನ ಮಂದಿಯೆಲ್ಲಾ ಕಣ್ಣಾಗ ನೀರು ತಕ್ಕೊಂಡ್ರು. ಕಂಡಕ್ಟರ ಇಳೀ ಅಂದ. ತಾಳಿಕೋಟಿ ಸ್ಟ್ಯಾಂಡಿನ್ಯಾಗ ಚೆಲ್ಲಿದೆ. ಬರೇ ಒಯ್ದರ ಕೆಡತೈತಂತ ಭರಣಿ ಕೊಂಡು, ಉಪ್ಪು ಹಾಕಿದೆ. ನಮ್ಮವ್ವ ಮಾವಿನಕಾಯಿಗೆ ಹಂಗ ಮಾಡ್ತಾಳ್ರಿ."

ಚೆಲ್ಲಿದ್ದು ಫಾರ್ಮಾಲಿನ್. ತುಣುಕು ಕೆಡದಂತೆ ಹಿಡಿದಿಡುವುದು ಅದೇ. ಅವನು ಪಾಪ, ಉರಿಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ, ಭರಣಿಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ನಮ್ಮ ದೊಡ್ಡ ಮೇಡಂ ನೋಡಿ, ಕೆಟ್ಟ ಗಡ್ಡೆ ಎನ್ನುವಷ್ಟು ಮಾತ್ರ ಹೇಳಿದರು. ಎಂಥ ಕೆಟ್ಟದ್ದು, ಯಾವ ಔಷಧಿಗೆ ಮಣಿಯುತ್ತದೆ, ಅದಕ್ಕೆ ಬೇಕಾದದ್ದು ಆ ತುಣುಕಿನಲ್ಲಿ ಉಳಿದಿರಲಿಲ್ಲ. ಮರುದಿನದಿಂದ ನಾನು ನಮ್ಮಿಂದ ಹೊರಗೆ ಹೋಗುವ ಖಾಲಿ ಡಬ್ಬಿಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸತೊಡಗಿದೆ: "ಈ ನೀರು ಚೆಲ್ಲಬ್ಯಾಡ್ರಿ. ವಾಸನೆ ಬಂದರೆ ಬರಲಿ." ದೊಡ್ಡ ಮೇಡಂ ಅದನ್ನು ಓದಿ, ತಿದ್ದದೆ ಹಾಗೆಯೇ ಬಿಟ್ಟರು.

ದೊಡ್ಡ ಮೇಡಂ ಅಂದರೆ ಲ್ಯಾಬಿನ ಮುಖ್ಯಸ್ಥೆ. ಸಿಟ್ಟಿನವರು. ಗಾಜಿನ ಮೇಲೆ ಹೆಸರು ತಪ್ಪಿ ಬರೆದರೆ ಮೂರು ದಿನ ಮಾತಾಡುತ್ತಿರಲಿಲ್ಲ. ಆದರೆ ಕೇಳಿದ್ದಕ್ಕೆ ಹೇಳಿಕೊಡದೆ ಬಿಟ್ಟವರಲ್ಲ. ನಾನು ಸೇರಿದಾಗ ಬಣ್ಣ ಎರಡೇ, ಗುಲಾಬಿ ಮತ್ತು ನೇರಳೆ. ಅಷ್ಟರಲ್ಲೇ ನೋಡಿ ಎರಡು ಸಾಲು ಬರೆಯುತ್ತಿದ್ದರು. ರೋಗಿಗಳ ಕೈಯಲ್ಲಿ ಗಡ್ಡೆಯ ಜೋರು ತೋರಿಸುವ ರಕ್ತದ ಒಂದು ಅಂಕಿ ಇರುತ್ತಿತ್ತು. ಅದು ಏರಿದರೆ ಅಳುವುದು, ಇಳಿದರೆ ನಗುವುದು. ಆಮೇಲೆ ಕಂದು ಬಣ್ಣದ ಪರೀಕ್ಷೆ ಬಂತು. ಗಡ್ಡೆ ಎಲ್ಲಿ ಹುಟ್ಟಿದ್ದು, ಯಾವ ಜಾತಿಯದು ಎಂದು ಅದು ತೋರಿಸುತ್ತಿತ್ತು. ಆಮೇಲೆ ಒಂದು ದಿನ, ಕಪಾಟಿನಲ್ಲಿದ್ದ ಬ್ಲಾಕನ್ನೇ ಕುರಿಯರಿನಲ್ಲಿ ದೊಡ್ಡ ಊರಿಗೆ ಕಳಿಸುವುದು ಶುರುವಾಯಿತು. ಅಲ್ಲಿಂದ ಹಾಳೆಗಟ್ಟಲೆ ವರದಿ ಬರುತ್ತಿತ್ತು.

"ಇದರಾಗ ಏನ ಹುಡುಕ್ತಾರ್ರಿ ಮೇಡಂ?" ಎಂದು ಕೇಳಿದೆ.

"ಕಾಶವ್ವಾ, ನೀ ಕೌದಿ ಹೊಲೀತಿ ಹೌದಿಲ್ಲೋ?"

"ಹೊಲೀತೇನ್ರಿ."

"ನಮ್ಮ ಮೈಯಾಗೂ ದಿನಾ ಏನರ ಹರೀತಿರ್ತೈತಿ, ದಿನಾ ಹೊಲಿಗಿ ನಡದಿರ್ತೈತಿ. ಬ್ರಾಕಾ ಅಂದ್ರ ಆ ಹೊಲಿಯೋ ಸೂಜಿ ಅನ್ಕೋ. ಅದು ಮುರಿದ್ರ ಹರಿದದ್ದು ಹಂಗ ಉಳೀತೈತಿ, ಅಲ್ಲಿಂದ ಗಡ್ಡಿ ಏಳಬಹುದು. ಆದ್ರ ಗಡ್ಡಿಗೂ ಬದುಕಬೇಕಲ್ಲ? ಅದು ಇನ್ನೊಂದು ಸೂಜಿ ಹಿಡಕೊಂಡು ತನ್ನ ಹರುಕು ಹೊಲಕೋತ ಇರ್ತೈತಿ. ಈ ಹೊಸ ಗುಳಿಗಿ ಆ ಎರಡನೇ ಸೂಜಿ ಕಸಕೊಂತೈತಿ."

"ಆವಾಗ?"

"ಆವಾಗ ಗಡ್ಡಿ ಚಿಂದಿ ಆಗತೈತಿ. ಸೂಜಿ ಮುರಿದವರಿಗೆ ಈ ಗುಳಿಗಿ ಛಲೋ ಹಿಡೀತೈತಿ. ಮುರೀಲಾರದವರಿಗೆ ಅಷ್ಟು ಹಿಡಿಯೂದಿಲ್ಲ."

"ಸೂಜಿ ಹೆಂಗ ಮುರೀತೈತ್ರಿ?"

"ಕೆಲವರದು ಹುಟ್ಟಿನಿಂದ ಮುರಿದಿರ್ತೈತಿ. ಅವ್ವನಿಂದನೋ ಅಪ್ಪನಿಂದನೋ ಬರ್ತೈತಿ, ಮಕ್ಕಳಿಗೂ ಹೋಗಬಹುದು. ಕೆಲವರದು ಗಡ್ಡಿಯೊಳಗಷ್ಟ ಮುರಿದಿರ್ತೈತಿ. ಅದು ಯಾರಿಗೂ ಹೋಗೂದಿಲ್ಲ."

ಅವತ್ತು ಅದನ್ನು ಪರರ ಮನೆಯ ಮಾತು ಎಂದು ಕೇಳಿಸಿಕೊಂಡೆ.

ನನ್ನ ದೊಡ್ಡ ತಪ್ಪೊಂದನ್ನು ಹೇಳಬೇಕು. ಬಸವನ ಬಾಗೇವಾಡಿ ಕಡೆಯ ಒಬ್ಬಾಕೆಯ ಗಡ್ಡೆಯ ಡಬ್ಬಿಯನ್ನು ಆಕೆಯ ಅಣ್ಣ ಲ್ಯಾಬಿಗೆ ತಂದುಕೊಟ್ಟ. ಹೆಸರೇನು ಎಂದೆ. "ಗಂಗವ್ವ" ಎಂದ. ಊರು ಕೇಳಿದೆ, ತನ್ನ ಊರು ಹೇಳಿದ. ಚೀಟಿಯ ಮೇಲಿನ ಹೆಸರು ನೋಡಬೇಕಾದವಳು ಅವಸರದಲ್ಲಿ ಅವನ ಬಾಯಿಮಾತನ್ನೇ ರಿಜಿಸ್ಟರಿಗೆ ಇಳಿಸಿದೆ. ಒಂದೂವರೆ ವರ್ಷದ ಮೇಲೆ ಆಕೆಯ ಗಂಡ ಬಂದ. ರೋಗ ಮರುಕಳಿಸಿದೆ, ಹೊಸ ಪರೀಕ್ಷೆಗೆ ಹಳೆಯ ಬ್ಲಾಕು ಬೇಕು, ರೋಗಿಯ ಹೆಸರು ಸಾವಿತ್ರಿ. ಹುಡುಕಿದೆವು, ಇಲ್ಲ. ಮತ್ತೆ ಬಂದ, ಇಲ್ಲ. ಮೂರನೇ ಸಲ ಅವನು ಬಂದು ಬೆಂಚಿನ ಮೇಲೆ ಕೂತಾಗ ಡಬ್ಬಿಯನ್ನು ತವರಿನವರು ತಂದಿರಬಹುದೇ ಎಂದು ನನಗೆ ಹೊಳೆಯಿತು.

"ಅಣ್ಣಾರ, ಅವರಿಗೆ ತವರಮನ್ಯಾಗ ಏನಂತ ಕರೀತಿದ್ರು?"

"ಅದು ನನಗೇನ ಗೊತ್ರಿ? ಲಗ್ನದಾಗ ಅಕ್ಕಿಯೊಳಗ ಹೊಸ ಹೆಸರ ಬರದಾಗಿಂದ ಸಾವಿತ್ರಿನ."

ಡಬ್ಬಿ ತಂದುಕೊಟ್ಟಿದ್ದ ಅವನ ಭಾವಮೈದುನನಿಗೆ ಫೋನು ಹಚ್ಚಿಸಿದೆ; ತವರಿನ ಹೆಸರು ಗಂಗವ್ವ. ಐದು ನಿಮಿಷದಲ್ಲಿ ಬ್ಲಾಕು ಸಿಕ್ಕಿತು. ಮೂರು ಸಲ ಬಾಗೇವಾಡಿಯಿಂದ ಬಂದದ್ದು, ನಡುವೆ ಹೋದ ಎರಡು ತಿಂಗಳು, ಎಲ್ಲ ನನ್ನ ಅಕ್ಷರದಿಂದ. ಕಳಿಸಿದೆವು. ಗುರುತು ಇಲ್ಲ ಎಂದು ವರದಿ ಬಂತು. ಆತ ನನ್ನನ್ನೇ ಕೇಳಿದ, "ಇಲ್ಲ ಅಂದ್ರ ಛಲೋ ಅಲ್ಲೇನ್ರಿ ಅಕ್ಕಾರ?" ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಆಕೆ ವರ್ಷ ತುಂಬುವುದರೊಳಗೆ ಹೋದಳು. ಬ್ಲಾಕು ಮೊದಲೇ ಸಿಕ್ಕಿದ್ದರೂ ವರದಿ ಅದೇ ಬರುತ್ತಿತ್ತು ಎಂದು ಮೇಡಂ ಹೇಳಿದರು. ಇರಬಹುದು. ಆದರೂ ಅಂದಿನಿಂದ ಹೆಣ್ಣುಮಕ್ಕಳ ಎರಡೂ ಹೆಸರು ಬರೆಯದೆ ನಾನು ಡಬ್ಬಿ ಇಳಿಸಿಕೊಂಡಿಲ್ಲ. ನೀವೂ ಬರೆದುಕೊಳ್ಳಿ.

ಈ ಬ್ರಾಕಾ ಬಂದ ಮೇಲೆ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂತು. ಮನೆತನದಲ್ಲಿ ಯಾರಿಗೆ ಈ ರೋಗವಿತ್ತು ಎಂದು ಒಂದು ಕಾಗದ ತುಂಬಬೇಕು. ಹಳ್ಳಿಯ ಹೆಣ್ಣುಮಕ್ಕಳು ಮೇಡಂ ಎದುರು ಬಾಯಿ ಬಿಡುತ್ತಿರಲಿಲ್ಲ. ನನ್ನನ್ನು ಕೂರಿಸಿದರು. ನನಗೆ ಬೇಗ ಗೊತ್ತಾಯಿತು: ಕುರ್ಚಿಯಲ್ಲಿ ರೋಗಿ, ಪಕ್ಕದಲ್ಲಿ ಅತ್ತೆ, ಉತ್ತರ ಕೊಡುವವಳು ಅತ್ತೆ. "ನಮ್ಮ ಪೈಕಿ ಯಾರಿಗೂ ಇಲ್ರಿ ಇಂಥಾದ್ದು." ಅತ್ತೆಯ ಪೈಕಿ ಇದ್ದರೇನು, ಇಲ್ಲದಿದ್ದರೇನು? ಬೇಕಾದದ್ದು ರೋಗಿಯ ತವರು. ಆದರೆ ತವರಿನ ರೋಗವನ್ನು ಅತ್ತೆಯ ಮುಂದೆ ಯಾವ ಸೊಸೆ ಹೇಳುತ್ತಾಳೆ?

ಸಿಂದಗಿ ಕಡೆಯ ಒಬ್ಬ ಸೊಸೆ ಹೀಗೆಯೇ ತಲೆ ತಗ್ಗಿಸಿ ಕೂತಿದ್ದಳು. ನಾನು ಅತ್ತೆಗೆ ಒಂದು ಚೀಟಿ ಕೊಟ್ಟೆ. "ಅಮ್ಮಾರ, ಕೆಳಗ ಕೌಂಟರಿನ್ಯಾಗ ಇದಕ್ಕ ಸೀಲ್ ಹಾಕಿಸಿಕೊಂಡು ಬರ್ರಿ, ಪಾಳಿ ಭಾಳ ಐತಿ, ಲಗೂ ಹೋಗ್ರಿ." ಆ ಚೀಟಿಗೆ ಯಾವ ಸೀಲೂ ಬೇಕಿರಲಿಲ್ಲ. ಅತ್ತೆ ಮೆಟ್ಟಿಲು ಇಳಿದ ಕೂಡಲೇ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಮ್ಮವ್ವ, ನಮ್ಮ ದೊಡ್ಡವ್ವ ಇಬ್ಬರೂ ಹಿಂಗ ಹೋದ್ರು. ಹೇಳಬ್ಯಾಡ್ರೀ ಯವ್ವಾ, ನಮ್ಮ ತಂಗೀದು ಇನ್ನೂ ಲಗ್ನ ಆಗಿಲ್ಲ."

"ಲಗ್ನ ಆಗಬೇಕಂದ್ರ ಮೊದಲ ನಿನ್ನ ತಂಗಿ ಬದುಕಬೇಕು" ಎಂದು ಗದರಿದೆ. ಬರೆದೆ. ಅವಳ ರಕ್ತವೂ, ಆಮೇಲೆ ತಂಗಿಯ ರಕ್ತವೂ ಪರೀಕ್ಷೆಯಾಯಿತು. ಮೇಡಂ ಎಲ್ಲ ಕೇಳಿ, "ಆ ಸೀಲ್ ಯಾವ ಇಲಾಖೇದು ಕಾಶವ್ವಾ?" ಎಂದು ನಕ್ಕರು. ಆಮೇಲೆ ಎಷ್ಟು ಅತ್ತೆಯರನ್ನು ಆ ಮೆಟ್ಟಿಲು ಇಳಿಸಿದೆನೋ ಲೆಕ್ಕವಿಲ್ಲ.

ಹೀಗೆ ಮಂದಿಗೆ ಬುದ್ಧಿ ಹೇಳಿದವಳು ನಾನು. ಈಗ ನನ್ನ ಮನೆಯ ಮಾತು ಕೇಳಿ.

ನನ್ನ ಅವ್ವ ಸತ್ತಾಗ ಸುವರ್ಣಾ ಇನ್ನೂ ಮೊಲೆ ಕುಡಿಯುವ ಕೂಸು. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಅವ್ವನ ಹೊಟ್ಟೆ ಏರತೊಡಗಿತು. ಒಳಗೆ ನೀರು ತುಂಬುತ್ತಿತ್ತು, ಊರಿಗೆ ಅದು ಬೇರೆಯಾಗಿ ಕಂಡಿತು. ಗಂಡನಿಲ್ಲದ ಹೆಂಗಸಿನ ಹೊಟ್ಟೆ ಏರಿದರೆ ಬಾವಿಕಟ್ಟೆಯ ಮೇಲೆ ಏನು ಮಾತು ಹುಟ್ಟುತ್ತದೆ, ನೀವೇ ಊಹಿಸಿಕೊಳ್ಳಿ. ಅವ್ವ ಹೊರಗೆ ಬರುವುದನ್ನೇ ಬಿಟ್ಟಳು. ದವಾಖಾನೆಗೂ ಹೋಗಲಿಲ್ಲ. ತೀರಿಕೊಂಡ ಮೇಲೆ ನಾವು "ಜ್ವರ ಬಂದು ಹೋದಳು" ಎಂದೆವು. ಸುವರ್ಣಾಳ ನಿಶ್ಚಯದಲ್ಲೂ ಬೀಗರು ಕೇಳಿದಾಗ ಜ್ವರ ಎಂದೆ. ಹೇಳಿ ಹೇಳಿ ನನಗೂ ಅದೇ ಖರೆ ಅನ್ನಿಸತೊಡಗಿತ್ತು.

ಹೋದ ವರ್ಷ ಸುವರ್ಣಾಗೆ ಉಂಡದ್ದು ಜೀರ್ಣವಾಗದಿರುವುದು, ಹೊಟ್ಟೆ ಬಿಗಿಯುವುದು ಶುರುವಾಯಿತು. ಸಿಂದಗಿಯಲ್ಲಿ ಮೂರು ತಿಂಗಳು ಗ್ಯಾಸಿನ ಗುಳಿಗೆ ನುಂಗಿದಳು. ನಾನು ನೋಡಲು ಬಂದವಳು ಅವಳ ಹೊಟ್ಟೆ ಮುಟ್ಟಿದೆ. ನನ್ನ ಕೈಗೆ ಆ ಹೊಟ್ಟೆ ಗೊತ್ತಿತ್ತು. ಮರುದಿನವೇ ನಾನು ದುಡಿದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಚಿಕ್ಕ ಡಾಕ್ಟರು ಅದೇ ಕಾಗದ ತೆಗೆದು ಕೇಳಿದರು, "ತಾಯಿ ಕಡೆ ಯಾರಿಗಾದರೂ ಇತ್ತಾ?" ಸುವರ್ಣಾಗೆ ಏನೂ ಗೊತ್ತಿಲ್ಲ, ನನ್ನ ಮುಖ ನೋಡಿದಳು. ಪಕ್ಕದಲ್ಲಿ ಬೀಗಿತ್ತಿ ನಾಗವ್ವ, ಹಿಂದೆ ಅಳಿಯ ಬಸವರಾಜ, ಬಾಗಿಲಲ್ಲಿ ಭಾಗ್ಯಾ.

"ಯಾರಿಗೂ ಇಲ್ರಿ" ಎಂದೆ.

ಇಲ್ಲ ಎಂದು ಬರೆದುಕೊಂಡರು. ಮನೆತನದಲ್ಲಿ ಇಲ್ಲವೆಂದ ಮೇಲೆ ರಕ್ತದ ಪರೀಕ್ಷೆ ಅವಸರವಿಲ್ಲ ಎಂದು ಬಿಟ್ಟರು. ಔಷಧಿ ಏರಿಸಿದರು, ಆಪರೇಷನ್ ಆಯಿತು, ಮತ್ತೆ ಔಷಧಿ. ಕೂದಲು ಹೋಯಿತು. ಗಡ್ಡೆ ನನ್ನದೇ ಲ್ಯಾಬಿಗೆ ಹೋಗಿ, ನಾನು ಒರೆಸುತ್ತಿದ್ದ ಮೇಜಿನ ಮೇಲೆಯೇ ಬ್ಲಾಕ್ ಆಯಿತು. ದೊಡ್ಡ ಮೇಡಂ ಅದರ ಜಾತಿ ನೋಡಿ, ಮನೆತನದಲ್ಲಿ ಇಲ್ಲದಿದ್ದರೂ ಗಡ್ಡೆಯಲ್ಲಿ ಬ್ರಾಕಾ ನೋಡಲೇಬೇಕು ಎಂದು ಹಟ ಹಿಡಿದು ಕಳಿಸಿದರು. ಗುರುತು ಇದೆ ಎಂದು ಬಂತು.

ನಾನು ಕೈ ಮುಗಿದು ನಕ್ಕುಬಿಟ್ಟೆ. ನನ್ನ ಕಣ್ಣ ಮುಂದೆ ಬಾಗೇವಾಡಿಯ ಆ ಗಂಡ ಬಂದಿದ್ದ. ಬೀಗಿತ್ತಿ ಗಾಬರಿಯಾದರು. "ಐತಿ ಅನ್ನಾಕತ್ತಾರ, ನೀವು ನಗಾಕತ್ತೀರ್ರಿ? ತಲಿ ಸಮಾ ಐತಿಲ್ಲೋ?"

"ಗುಳಿಗಿ ಹಿಡೀತೈತ್ರಿ ಬೀಗರ, ಗುಳಿಗಿ ಹಿಡೀತೈತಿ!"

ಮೇಡಂ ನಗಲಿಲ್ಲ. "ಇನ್ನ ರಕ್ತ ನೋಡಬೇಕು. ರಕ್ತದಾಗೂ ಇದ್ರ ಈ ಹುಡಿಗ್ಯಾರ್ದೂ ನೋಡಬೇಕಾಗತೈತಿ. ಮನೆತನದಾಗ ಯಾರಿಗೂ ಇರಲಿಲ್ಲ ಅಂತ ಬರಿಸೀರಿ. ಖರೆನಾ ಕಾಶವ್ವಾ?"

"ಖರೇರಿ" ಎಂದೆ. ಎರಡನೇ ಸಲ. ನಗು ಬಾಯಲ್ಲೇ ಒಣಗಿತು.

ರಕ್ತ ಕೊಡುವ ಕೋಣೆಯ ಹೊರಗೆ ಸಾಲಿನಲ್ಲಿ ನಿಂತೆವು. ಭಾಗ್ಯಾ ಅವ್ವನ ತೋಳು ಹಿಡಿದು, ಕುಪ್ಪಸದ ತೋಳು ಮೇಲೆ ಸರಿಸುತ್ತಿದ್ದಳು. ಸೂಜಿಗೆ ನರ ಸಿಗುತ್ತದೋ ಇಲ್ಲವೋ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ಕಲಿತವರ ಹಾಗೆ. ಆ ಹುಡುಗಿಗೆ ಇಪ್ಪತ್ತು ವರ್ಷ. ಬೀಗಿತ್ತಿಯನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. ನನ್ನವ್ವ ಜ್ವರದಿಂದ ಸತ್ತಿಲ್ಲ, ಹೊಟ್ಟೆ ಇದೇ ರೀತಿ ಏರಿ ಸತ್ತಳು, ನಾನು ನಿಮಗೆ ಸುಳ್ಳು ಹೇಳಿ ಹೆಣ್ಣು ಕೊಟ್ಟೆ ಎಂದೆ.

ನಾಗವ್ವ ಸೆರಗು ಸರಿ ಮಾಡಿಕೊಂಡರು. "ಅದು ನಮಗ ನಿಶ್ಚಯಕ್ಕಿಂತ ಮೊದಲ ಗೊತ್ತಿತ್ರಿ."

"ಏನಂದ್ರಿ?"

"ನಮ್ಮಣ್ಣ ನಿಮ್ಮೂರಿಗೆ ಹೋಗಿ ಎಲ್ಲಾ ಕೇಳಕೊಂಡು ಬಂದಿದ್ದ. ಹೆಣ್ಣ ತರೋರು ಕೇಳದ ತರ್ತಾರೇನ್ರಿ? ನಿಮ್ಮವ್ವ ಹೆಂಗ ಸತ್ತಳು, ಊರ ಮಂದಿ ಏನಂದ್ರು, ಎಲ್ಲಾ ಹೇಳಿದ. ಮಂದಿ ಬಾಯಿಗೆ ಹೆದರಿ ಛಲೋ ಹುಡುಗಿ ಬಿಡೂದೇನಂತ ನಾವ ಹೂಂ ಅಂದ್ವಿ."

"ಮತ್ತ ಅವತ್ತ ಡಾಕ್ಟರ ಕೇಳಿದಾಗ ಯಾಕ ಹೇಳಲಿಲ್ರಿ?"

"ನೀವು ಇಲ್ಲ ಅಂದ್ರಿ. ಬೀಗರ ಮಾತು ನಾಲ್ಕು ಮಂದಿ ಮುಂದ ನಾನು ಹೆಂಗ ಸುಳ್ಳ ಮಾಡ್ಲಿ?"

ಇಪ್ಪತ್ತೆರಡು ವರ್ಷ ನಾನು ಅವರಿಂದ ಮುಚ್ಚಿಟ್ಟೆ, ಇಪ್ಪತ್ತೆರಡು ವರ್ಷ ಅವರು ಗೊತ್ತಿದ್ದದ್ದನ್ನು ಮುಚ್ಚಿಟ್ಟರು. ಇಬ್ಬರ ಮರ್ಯಾದೆಯೂ ಉಳಿದಿತ್ತು. ಗೊತ್ತಿಲ್ಲದೆ ಉಳಿದವರು ಸುವರ್ಣಾ ಮತ್ತು ಡಾಕ್ಟರು, ಗೊತ್ತಿರಬೇಕಾದವರೂ ಅವರೇ.

ಇಬ್ಬರೂ ಸೇರಿ ಮೇಡಂ ಹತ್ತಿರ ಹೋಗಿ ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು. "ಮಂದಿ ಅತ್ತಿಗೋಳನ್ನ ಸೀಲ್ ಹಾಕಿಸಾಕ ಕಳಿಸ್ತಿದ್ದಿ. ನಿನ್ನನ್ನ ಎಲ್ಲಿಗೆ ಕಳಿಸಬೇಕಿತ್ತು ಕಾಶವ್ವಾ?" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಗಡ್ಡೆಯನ್ನು ಕಳಿಸಲು ಅವರು ಹಟ ಹಿಡಿಯದಿದ್ದರೆ ನನ್ನ ಒಂದು "ಇಲ್ಲ"ದಿಂದ ಗುಳಿಗೆಯ ದಾರಿಯೇ ಮುಚ್ಚಿಹೋಗುತ್ತಿತ್ತು.

ಆಮೇಲೆ ಇಪ್ಪತ್ತನಾಲ್ಕು ದಿನ. ಲ್ಯಾಬಿನಲ್ಲಿ ದುಡಿದವರ ಅಂಜಿಕೆ ಬೇರೆಯವರ ಅಂಜಿಕೆಯಂತಲ್ಲ. ತಪ್ಪು ಎಲ್ಲೆಲ್ಲಿ ನುಸುಳುತ್ತದೆ ಎಂದು ನಮಗೆ ಗೊತ್ತು. ಆ ಬ್ಲಾಕು ಸುವರ್ಣಾಳದ್ದೇ ಹೌದೆ? ನನ್ನಂಥ ಇನ್ನೊಬ್ಬ ಆಯಾ ಬಾಯಿಮಾತು ಕೇಳಿ ಹೆಸರು ಬರೆದಿದ್ದರೆ? ತಡೆಯಲಾರದೆ ಒಂದು ದಿನ ಇಂಡಿಯಿಂದ ಬಸ್ಸು ಹತ್ತಿ ಲ್ಯಾಬಿಗೆ ಹೋದೆ. ಹೊಸ ಹುಡುಗರು ಬಾಗಿಲಲ್ಲೇ ತಡೆದರು. ತಡೆದದ್ದೇ ಸರಿ. ಮೇಡಂ ತಾವೇ ಕಪಾಟು ತೆಗೆದು, ಪರೀಕ್ಷೆ ಮುಗಿದು ವಾಪಸು ಬಂದಿದ್ದ ಬ್ಲಾಕನ್ನು ನನ್ನ ಅಂಗೈಯಲ್ಲಿಟ್ಟರು. ನಂಬರನ್ನು ಮೂರು ಸಲ ಓದಿದೆ, ಚೀಟಿಗೆ ಹೋಲಿಸಿದೆ. ಅವಳದ್ದೇ. ಎಷ್ಟು ಸಾವಿರ ಬ್ಲಾಕು ಹಿಡಿದ ಕೈಯೋ ಇದು, ಈ ಒಂದರ ಭಾರ ತಾಳಲಿಲ್ಲ. ಹೆತ್ತಾಗ ಅವಳನ್ನು ಕೈಗೆ ಕೊಟ್ಟಾಗಲೂ ಇಷ್ಟು ಅಂಜಿರಲಿಲ್ಲ. "ನನ್ನಿಂದ ಬಂತೇನ್ರಿ ಮೇಡಂ ಇದು?" ಎಂದೆ. "ಬಂದಿದ್ರೂ ನೀ ಬೇಕಂತ ಕೊಟ್ಟಿಲ್ಲ. ಕೂಡು, ಚಹಾ ಕುಡಿ" ಎಂದರು.

ಇವತ್ತು ಮುಂಜಾನೆ ನಾನು ಇಲ್ಲಿ ಮೋರಟಗಿಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಭಾಗ್ಯಾಳ ಮೊಬೈಲಿಗೆ ವರದಿ ಬಂತು. ಅವಳು ಇಂಗ್ಲಿಷಿನಲ್ಲಿ ಓದಿಕೊಂಡಳು, ಮುಖದಲ್ಲಿ ಏನೂ ಕಾಣಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಓದಿದಳು. ನನಗೆ ಮೊರ ಹಿಡಿದ ಕೈ ಬಿಡಲಾಗಲಿಲ್ಲ.

"ಆಯಿ, ಇಲ್ಲ."

"ಏನ ಇಲ್ಲ? ಸರಿ ನೋಡು. ಹೆಸರ ನೋಡು ಮೊದಲ, ನಂಬರ ನೋಡು!"

"ನೋಡೇನಿ. ಎಲ್ಲಾ ಸರಿ ಐತಿ. ರಕ್ತದಾಗ ಇಲ್ಲ."

ಮೊರದಲ್ಲಿದ್ದ ಜೋಳವೆಲ್ಲ ಅಂಗಳಕ್ಕೆ ಹೋಯಿತು. ಕೋಳಿಗಳಿಗೆ ಹಬ್ಬ. ಮೇಡಂಗೆ ಫೋನು ಹಚ್ಚಿದೆವು. ಅವರೂ ಓದಿದ್ದರು. "ಸೂಜಿ ಗಡ್ಡಿಯೊಳಗಷ್ಟ ಮುರಿದಿತ್ತು. ಹುಡಿಗ್ಯಾರಿಗೆ ಇದು ಅವ್ವನಿಂದ ಹೋಗಿಲ್ಲ" ಎಂದರು. ನನ್ನವ್ವನದೇನು ಎಂದು ಕೇಳಿದೆ. ಅದು ಯಾರಿಗೂ ತಿಳಿಯದು, ಆಗ ಬ್ಲಾಕು ಮಾಡಿಟ್ಟವರಿಲ್ಲ ಎಂದರು. ನನ್ನ ರಕ್ತವನ್ನೂ ಒಮ್ಮೆ ನೋಡೋಣ ಎಂದರು. ಇನ್ನು ಮುಂದೆ ಯಾವ ಡಾಕ್ಟರು ಕೇಳಿದರೂ ಅವ್ವನ ಹೊಟ್ಟೆಯ ಮಾತು ಮೊದಲು ಹೇಳಬೇಕು ಎಂದು ಮಾತು ತೆಗೆದುಕೊಂಡರು. ಕೊಟ್ಟೆ.

ಚಿಂತೆ ಪೂರಾ ಹೋಯಿತು ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಸುವರ್ಣಾ ಗುಳಿಗೆ ಶುರು ಮಾಡಿ ಹತ್ತು ದಿನ. ಹೊಟ್ಟೆ ತೊಳಸುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ತಿಂಗಳು ತಿಂಗಳು ರಕ್ತದ ಲೆಕ್ಕ ನೋಡಿಸಬೇಕು. ಗುಳಿಗೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಅವಳು ಕೆಮ್ಮಿದರೂ ನನ್ನ ಕಿವಿ ನೆಟ್ಟಗಾಗುತ್ತದೆ. ಆದರೆ ಇವತ್ತಿನ ಸಂಜೆ ನನ್ನದು.

ಬೀಗಿತ್ತಿ ಹೋಳಿಗೆ ಮಾಡಿದರು. ಈ ಮನೆಯಲ್ಲಿ ಗಂಡಸರು ಮೊದಲು, ಬೀಗರಿಗೆ ಬೇರೆ ಪಂಕ್ತಿ, ಬಡಿಸಿದವರು ಕೊನೆಗೆ. ಇವತ್ತು ನಾಗವ್ವ ಪಾತ್ರೆಗಳನ್ನೆಲ್ಲ ನಡುಮನೆಗೆ ತಂದಿಟ್ಟು, "ಇವತ್ತ ಎಲ್ಲಾರೂ ಕೂಡೇ ಕೂಡ್ರಿ, ಕೈ ಇದ್ದವರು ಹಾಕ್ಕೋರಿ" ಎಂದರು. ಅಳಿಯ, ನಾಗವ್ವ, ನಾನು, ಸುವರ್ಣಾ, ಭಾಗ್ಯಾ, ಒಂಬತ್ತನೇ ಇಯತ್ತೆಯ ಕಿರಿಯವಳು ಲಕ್ಷ್ಮಿ, ದುಂಡಗೆ ಕೂತೆವು. ಸುವರ್ಣಾ ಒಂದು ಹೋಳಿಗೆ ಪೂರಾ ತಿಂದು ಇನ್ನರ್ಧಕ್ಕೆ ಕೈ ಚಾಚಿದಳು. ಎಲ್ಲರೂ ನೋಡಿದೆವು.

ಲಕ್ಷ್ಮಿ ಬಾಯಿಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದಳು, "ಆಯಿ, ನಿಮ್ಮವ್ವನ ಹೆಸರ ಏನಿತ್ತು?"

ಈ ಮನೆಯಲ್ಲಿ ಆ ಹೆಸರು ನನ್ನ ಬಾಯಿಂದ ಎಂದೂ ಬಂದಿರಲಿಲ್ಲ.

"ಚನ್ನವ್ವ."

"ಹೆಂಗಿದ್ಲು?"

"ಎತ್ತರ ಇದ್ಲು, ನಿಮ್ಮವ್ವನಂಗ. ಕಣದಾಗ ನಿಂತು ಹಾಡಿದ್ಲಂದ್ರ ಹೊಲದ ಆ ಕಡೀ ದಂಡಿಗೆ ಕೇಳತಿತ್ತು…" ನಾನು ಕೈಯಲ್ಲಿದ್ದ ತುತ್ತು ತಾಟಿನಲ್ಲಿಟ್ಟೆ. ಎಲ್ಲರ ಕೈಯೂ ತಾಟಿನಲ್ಲಿ ನಿಂತಿತ್ತು.

ನಾಗವ್ವ ನನ್ನ ಹೋಳಿಗೆಯ ಮೇಲೆ ಇನ್ನೊಂದು ಚಮಚೆ ತುಪ್ಪ ಸುರಿದರು. "ಉಣ್ಕೋತ ಹೇಳ್ರಿ ಬೀಗರ, ಹೋಳಿಗಿ ಆರತಾವು. ನಾವೂ ಕೇಳ್ತೇವಿ."